ನೀರು ಎಲ್ಲಿಗೆ ಹೋಗುತ್ತದೆ: ಡಬ್ಲಿನ್ನಿನ ಹಳೆಯ ಡಾಕ್‌ನಲ್ಲಿ ಆರು ದಿನ

ಮೊದಲನೆಯ ದಿನ

ಮಗಳ ಮನೆ ಐದನೆಯ ಅಂತಸ್ತಿನಲ್ಲಿದೆ. ಬೆಂಗಳೂರಿನಿಂದ ಅಬುಧಾಬಿ ಮಾರ್ಗವಾಗಿ ಡಬ್ಲಿನ್ ತಲುಪಿದವನು ಪೆಟ್ಟಿಗೆಗಳನ್ನು ಬಾಗಿಲ ಬಳಿಯೇ ಬಿಟ್ಟು ಮೊದಲು ಹೋಗಿ ನಿಂತದ್ದು ಕಿಟಕಿಯ ಹತ್ತಿರ. ಕೆಳಗೆ ಕೆರೆಯಷ್ಟು ಅಗಲವಾದ ನೀರು. ಒಂದಿಷ್ಟೂ ಅಲುಗದ ನೀರು. ಎರಡು ಹಂಸಗಳು, ದಡಕ್ಕೆ ಕಟ್ಟಿದ ಮನೆದೋಣಿಗಳ ಒಂದು ಸಾಲು, ಆಚೆ ದಂಡೆಯಲ್ಲಿ ಗಾಜಿನ ಕಟ್ಟಡಗಳು.

ಮೂವತ್ತೊಂದು ವರ್ಷ ಮಂಡ್ಯದ ಕಡೆ ವಿಶ್ವೇಶ್ವರಯ್ಯ ನಾಲೆಯ ಮೇಲೆ ಕೆಲಸ ಮಾಡಿದವನು ನಾನು. ಎಲ್ಲಿ ನೀರು ಕಂಡರೂ ಬಾಯಿಗೆ ಬರುವುದು ಒಂದೇ ಮಾತು: ಇದು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ? ಮಗಳನ್ನು ಕೇಳಿದೆ. ನಾಲ್ಕು ವರ್ಷದಿಂದ ಇದೇ ದಂಡೆಯ ಮೇಲೆ ಕಚೇರಿಗೆ ನಡೆದು ಹೋಗುತ್ತಿದ್ದಾಳೆ. "ಇದು ಗ್ರ್ಯಾಂಡ್ ಕೆನಾಲ್ ಡಾಕ್ ಅಪ್ಪ, ಹಡಗು ನಿಲ್ಲಿಸಲು ಕಟ್ಟಿದ ಕೊಳ, ತುಂಬಾ ಹಳೆಯದು" ಎಂದಳು. ಮುಂದೆ ಅವಳಿಗೂ ಗೊತ್ತಿರಲಿಲ್ಲ. ಆರು ದಿನ ನಾನು ಬೆನ್ನು ಹತ್ತಿದ್ದು ಆ ಪ್ರಶ್ನೆಯನ್ನೇ.

ಸಂಜೆ, ಸಂಜೆ ಎಂದರೆ ಇಲ್ಲಿ ರಾತ್ರಿ ಎಂಟೂವರೆ, ಇನ್ನೂ ಬಿಸಿಲಿತ್ತು. ಮೇ ತಿಂಗಳಲ್ಲಿ ಈ ಊರಿಗೆ ಬೇಗ ಕತ್ತಲಾಗುವುದಿಲ್ಲ. ಡಾಕ್‌ನ ಪಶ್ಚಿಮದ ಚೌಕಕ್ಕೆ ಹೋದೆವು. ಅಮೆರಿಕದ ಭೂದೃಶ್ಯ ವಿನ್ಯಾಸಗಾರ್ತಿ ಮಾರ್ಥಾ ಶ್ವಾರ್ಟ್ಸ್ ರೂಪಿಸಿದ ಚೌಕ. ರಂಗಮಂದಿರದ ಬಾಗಿಲಿನಿಂದ ನೀರಿನ ಅಂಚಿನವರೆಗೆ ಕೆಂಪು ಜಮಖಾನ ಹಾಸಿದಂತೆ ನೆಲ, ಅದರ ಮೇಲೆ ಓರೆಯಾಗಿ ನೆಟ್ಟ ಕೆಂಪು ಕಂಬಗಳು. ಕತ್ತಲಾದ ಮೇಲೆ ಅವು ಒಳಗಿನಿಂದ ಬೆಳಗುತ್ತವೆ. ಹಿಂದಿರುವ ರಂಗಮಂದಿರ ವಾಸ್ತುಶಿಲ್ಪಿ ಡೇನಿಯಲ್ ಲಿಬೆಸ್ಕಿಂಡ್ ಅವರದು. 2010ರಲ್ಲಿ ತೆರೆದ, 2,111 ಆಸನಗಳ ಕಟ್ಟಡ. ಅದರ ಮುಂದೆ ಐಸ್‌ಕ್ರೀಂ ಹಿಡಿದು ನಿಂತಿದ್ದ ಇಬ್ಬರು ಹುಡುಗರು ಕನ್ನಡದಲ್ಲಿ ಮಾತನಾಡುತ್ತಿದ್ದರು. ಒಬ್ಬ ತುಮಕೂರಿನವನು, ಇನ್ನೊಬ್ಬ ಧಾರವಾಡದವನು. ಸುತ್ತಲಿನ ದೊಡ್ಡ ದೊಡ್ಡ ಕಂಪನಿಗಳ ಕಚೇರಿಗಳು ಬೆಂಗಳೂರಿನಲ್ಲೂ ಇರುವುದರಿಂದ ಇಲ್ಲಿ ಕನ್ನಡ ಕೇಳಿಸುವುದು ಅಪರೂಪವೇನಲ್ಲ ಎಂದು ಮಗಳು ಹೇಳಿದಳು. ಈ ಜಾಗಕ್ಕೆ ಈಗ ಜನ ಇಟ್ಟಿರುವ ಹೆಸರು ಸಿಲಿಕಾನ್ ಡಾಕ್ಸ್.

ಚೌಕದಿಂದ ಹಿಂದಿರುಗುವಾಗ ಒಂದು ಚಿಕ್ಕ ರಸ್ತೆಯ ಫಲಕ ಕಣ್ಣಿಗೆ ಬಿತ್ತು: ಮಿಸರಿ ಹಿಲ್. ಸಂಕಟದ ಗುಡ್ಡ. ಗುಡ್ಡವಂತೂ ಕಾಣಲಿಲ್ಲ. ಮಧ್ಯಯುಗದಲ್ಲಿ ಈ ಕಡೆ ಕುಷ್ಠರೋಗಿಗಳ ಆಸ್ಪತ್ರೆ ಇತ್ತಂತೆ, ಹೆಸರು ಅದರಿಂದ ಬಂದಿರಬೇಕು ಎನ್ನುತ್ತಾರೆ. ಇಷ್ಟೆಲ್ಲ ಗಾಜು ಬಂದರೂ ಆ ಹೆಸರನ್ನು ಅಳಿಸದೆ ಬಿಟ್ಟಿದ್ದಾರಲ್ಲ, ಅದಕ್ಕೆ ಮೆಚ್ಚುಗೆಯಾಯಿತು.

ಎರಡನೆಯ ದಿನ

ಭಾನುವಾರ. ಮಗಳಿಗೆ ರಜೆ. ನೀರು ಬರುವ ದಿಕ್ಕಿಗೆ ಹೋಗೋಣ ಎಂದು ಬಸ್ಸಿನಲ್ಲಿ ಪೋರ್ಟೊಬೆಲ್ಲೊ ತಲುಪಿ, ಅಲ್ಲಿಂದ ಕಾಲುವೆಯ ಏರಿಯ ಮೇಲೆ ಡಾಕ್‌ನವರೆಗೆ ನಡೆದು ಬಂದೆವು.

ಗ್ರ್ಯಾಂಡ್ ಕೆನಾಲ್ ಕೆಲಸ ಶುರುವಾದದ್ದು 1756ರಲ್ಲಿ. ದ್ವೀಪದ ಪೂರ್ವ ತೀರದ ಡಬ್ಲಿನ್ನಿನಿಂದ ನಡುನಾಡಿನ ಶಾನನ್ ನದಿಯವರೆಗೆ ದೋಣಿ ಹೋಗುವ ದಾರಿ ಮಾಡುವುದು ಉದ್ದೇಶ. ದಾರಿಯಲ್ಲಿ ಮೈಲುಗಟ್ಟಲೆ ಜೌಗು. ಅಗೆದಷ್ಟೂ ಏರಿ ಕುಸಿಯುವ ನೆಲ. ದುಡ್ಡು ಮುಗಿಯಿತು, ಕಂಪನಿ ಬದಲಾಯಿತು. ಶಾನನ್ ಮುಟ್ಟುವ ಹೊತ್ತಿಗೆ 1804 ಬಂದಿತ್ತು. ಒಟ್ಟು ಸುಮಾರು 132 ಕಿಲೋಮೀಟರ್, 43 ಲಾಕ್‌ಗಳು. ಲಾಕ್ ಎಂದರೆ ಎರಡೂ ತುದಿಗೆ ಬಾಗಿಲಿರುವ ತೊಟ್ಟಿ, ದೋಣಿಯನ್ನು ಒಂದು ನೀರಿನ ಮಟ್ಟದಿಂದ ಇನ್ನೊಂದಕ್ಕೆ ಏರಿಸುವ, ಇಳಿಸುವ ಕಟ್ಟೆ.

ನೀರಿನ ಮೂಲವೂ ಗೊತ್ತಾಯಿತು. ಕಿಲ್ಡೇರ್ ಕೌಂಟಿಯ ಪೊಲಾರ್ಡ್ಸ್‌ಟೌನ್ ಎಂಬಲ್ಲಿ ಒಂದು ಜೌಗು ಪ್ರದೇಶವಿದೆ, ನೆಲದಡಿಯಿಂದ ಊಟೆ ಉಕ್ಕುವ ಜಾಗ. ಅಲ್ಲಿಂದ ಒಂದು ಪೂರಕ ನಾಲೆ ಹೊರಟು ಕಾಲುವೆಯ ಅತ್ಯಂತ ಎತ್ತರದ ಭಾಗಕ್ಕೆ ನೀರು ತುಂಬುತ್ತದೆ. ಆ ನೀರೇ ಒಂದು ಕಡೆ ಶಾನನ್ ದಿಕ್ಕಿಗೆ, ಇನ್ನೊಂದು ಕಡೆ ಡಬ್ಲಿನ್ ದಿಕ್ಕಿಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ.

ನಮ್ಮ ನಾಲೆಗಳಿಗೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲೇ. ಗದ್ದೆಗೆ ನೀರು ಹಾಯಿಸುವ ನಾಲೆಗೆ ಇಳಿಜಾರು ಬೇಕು, ನೀರು ಹರಿಯುತ್ತಲೇ ಇರಬೇಕು. ಇಂಚಿನ ಲೆಕ್ಕದಲ್ಲಿ ಇಳಿಜಾರು ಕೊಡುವುದರಲ್ಲೇ ನಮ್ಮ ಆಯುಷ್ಯ ಕಳೆಯಿತು. ದೋಣಿ ಕಾಲುವೆಗೆ ಹರಿಯುವ ನೀರೇ ಶತ್ರು. ನೀರು ತಟ್ಟೆಯಲ್ಲಿಟ್ಟಂತೆ ನಿಲ್ಲಬೇಕು. ನೆಲ ತಗ್ಗಾದಲ್ಲಿ ಒಂದು ಲಾಕ್ ಕಟ್ಟಿ, ಇಳಿತವನ್ನೆಲ್ಲ ಆ ಒಂದೇ ಕಡೆ ತೀರಿಸಿ, ಮತ್ತೆ ಮಟ್ಟಸವಾಗಿ ಮುಂದೆ ಹೋಗಬೇಕು. ಪುಸ್ತಕದಲ್ಲಿ ಓದಿದ್ದೆ. ಕಣ್ಣಾರೆ ಕಂಡದ್ದು ಈ ಅರವತ್ತಾರನೆಯ ವಯಸ್ಸಿನಲ್ಲಿ.

ಬ್ಯಾಗಟ್ ರಸ್ತೆಯ ಸೇತುವೆ ದಾಟಿ ಸ್ವಲ್ಪ ದೂರ ಬಂದಾಗ ಒಂದು ಲಾಕ್‌ನಲ್ಲಿ ದೋಣಿ ನಿಂತಿತ್ತು. ಹಸಿರು ಬಣ್ಣದ ಉದ್ದನೆಯ ಕಬ್ಬಿಣದ ದೋಣಿ. ಅದರಲ್ಲಿ ಗಂಡ ಹೆಂಡತಿ ಇಬ್ಬರೇ, ದಡದ ಮೇಲೆ ಜಲಮಾರ್ಗ ಇಲಾಖೆಯ ನೀರಗಂಟಿ ಒಬ್ಬರು. ನಮ್ಮ ಕಡೆಯ ಪದ ಅವರಿಗೆ ಚೆನ್ನಾಗಿ ಒಪ್ಪುತ್ತದೆ. ಕೈಯಲ್ಲಿ ಕಬ್ಬಿಣದ ಒಂದು ಹಿಡಿಕೆ, ಇಲ್ಲಿ ಅದನ್ನು ಲಾಕ್ ಕೀ ಎನ್ನುತ್ತಾರೆ. ಅದನ್ನು ಹಲ್ಲುಚಕ್ರಕ್ಕೆ ಸಿಕ್ಕಿಸಿ ತಿರುಗಿಸಿದರೆ ಬಾಗಿಲಿನ ಅಡಿಯ ತೂಬು ಏಳುತ್ತದೆ. ನಾವು ತೂಬು ಎನ್ನುವುದಕ್ಕೆ ಅವರ ಪದ ರ್ಯಾಕ್. ನಾನು ಹತ್ತಿರ ಹೋಗಿ ನೋಡುತ್ತಿದ್ದುದನ್ನು ಕಂಡು ಅವರೇ ಕರೆದರು. ಎದುರು ದಡದ ಬಾಗಿಲಿಗೆ ಒಬ್ಬರು ಬೇಕಾಗಿತ್ತು.

ಬಾಗಿಲುಗಳು ಜೋಡಿಯಾಗಿರುತ್ತವೆ, ಮುಚ್ಚಿದಾಗ ಮೇಲಿನ ನೀರಿನ ಕಡೆಗೆ ಮೂಗು ಚಾಚಿದಂತೆ ಕೋನವಾಗಿ ಕೂರುತ್ತವೆ. ನೀರು ಒತ್ತಿದಷ್ಟೂ ಬಿಗಿಯಾಗುತ್ತವೆ. ಪ್ರತಿ ಬಾಗಿಲಿನ ಮೇಲೂ ಒಂದು ದಪ್ಪ ಮರದ ತೊಲೆ ದಡದವರೆಗೆ ಚಾಚಿರುತ್ತದೆ. ಅದಕ್ಕೆ ಬೆನ್ನು ಕೊಟ್ಟು, ಕಾಲನ್ನು ನೆಲದ ಇಟ್ಟಿಗೆಯ ಏಣುಗಳಿಗೆ ಊರಿ ತಳ್ಳಬೇಕು. ಇಟ್ಟಿಗೆಯ ಸಾಲು ಅರ್ಧ ಚಂದ್ರನಂತೆ ಬಾಗಿತ್ತು. ಎಷ್ಟೋ ಜನ ಕಾಲೂರಿ ಸವೆದ ಸಾಲು. ನಾನು ತಳ್ಳಿದೆ. ಗೋಡೆಗೆ ಬೆನ್ನು ಕೊಟ್ಟಂತಾಯಿತು, ಕೂದಲೆಳೆಯಷ್ಟೂ ಸರಿಯಲಿಲ್ಲ. "ಕಾಯಿರಿ" ಎಂದು ಅವರು ಕೈ ತೋರಿಸಿದರು. ಲಾಕ್‌ನೊಳಗಿನ ನೀರು ಇಳಿಯುತ್ತಲೇ ಇತ್ತು. ಹಾವಸೆಗಟ್ಟಿದ ಕಲ್ಲುಗಳು ಒಂದೊಂದಾಗಿ ಮೇಲೇಳುತ್ತಿದ್ದವು, ದೋಣಿ ನಮ್ಮ ಕಾಲ ಕೆಳಕ್ಕೆ ಹೋಗುತ್ತಿತ್ತು. ಸುಳಿಗಳು ನಿಂತವು. ಆಗ ತೊಲೆ ನನ್ನ ಬೆನ್ನಿನಲ್ಲೇ ಒಂದು ಬೆರಳಷ್ಟು ಸರಿಯಿತು, ಮತ್ತೊಂದು ಬೆರಳು, ಆಮೇಲೆ ಟನ್ನುಗಟ್ಟಲೆ ತೂಕದ ಬಾಗಿಲು ಹೆಜ್ಜೆ ಹೆಜ್ಜೆಯಾಗಿ ನನ್ನ ಜೊತೆ ನಡೆದು ಬಂತು. ಎರಡೂ ಕಡೆಯ ನೀರು ಸಮವಾಗುವವರೆಗೆ ಯಾರ ಬಲಕ್ಕೂ ಬಗ್ಗದ ಬಾಗಿಲು, ಸಮವಾದ ಮೇಲೆ ಒಬ್ಬ ಮುದುಕನಿಗೆ ತೆರೆದುಕೊಂಡಿತು. ಮಗಳು ಫೋಟೊ ತೆಗೆಯುವುದನ್ನು ಮರೆತು ನೋಡುತ್ತಾ ನಿಂತಿದ್ದಳು.

ಈ ಕಾಲುವೆಯಲ್ಲಿ ಹಾಯುವ ದೋಣಿ ಸುಮಾರು 61 ಅಡಿ ಉದ್ದ, 13 ಅಡಿ ಅಗಲ ಇರಬಹುದು. ಎರಡೂವರೆ ಮೀಟರ್ ಇಳಿತ ಎಂದುಕೊಂಡು ಲೆಕ್ಕ ಹಾಕಿದೆ: ಒಂದು ಸಲ ಬಾಗಿಲು ತೆರೆದರೆ ಸುಮಾರು ಎರಡು ಲಕ್ಷ ಲೀಟರ್ ನೀರು ಕೆಳಗಿನ ಮಟ್ಟಕ್ಕೆ ಹೋಗುತ್ತದೆ. ಅಷ್ಟು ನೀರನ್ನು ಕಿಲ್ಡೇರಿನ ಊಟೆಗಳು ಮತ್ತೆ ತುಂಬಿ ಕೊಡಬೇಕು.

ನಾವು ನಡೆದ ಈ ಭಾಗಕ್ಕೆ ಸರ್ಕ್ಯುಲರ್ ಲೈನ್ ಎಂದು ಹೆಸರು. ಮೊದಲು ಕಾಲುವೆ ಊರಿನ ಪಶ್ಚಿಮದ ಜೇಮ್ಸ್ ಸ್ಟ್ರೀಟ್ ಬಂದರಿನಲ್ಲಿ, ಗಿನ್ನೆಸ್ ಬಿಯರ್ ಕಾರ್ಖಾನೆಯ ಪಕ್ಕದಲ್ಲೇ ಮುಗಿಯುತ್ತಿತ್ತು. ಸಮುದ್ರಕ್ಕೆ ಸಂಪರ್ಕವಿರಲಿಲ್ಲ. ಅದಕ್ಕಾಗಿ 1790ರ ದಶಕದಲ್ಲಿ ಊರಿನ ದಕ್ಷಿಣವನ್ನು ಬಳಸಿ ರಿಂಗ್ಸೆಂಡ್‌ವರೆಗೆ ಹೊಸ ಕಾಲುವೆ ತೋಡಿ, ಅದರ ತುದಿಯಲ್ಲಿ ಹಡಗುಗಳು ನಿಲ್ಲುವ ಡಾಕ್ ಕಟ್ಟಿದರು. 1960ರ ದಶಕದಲ್ಲಿ ಇದೇ ಭಾಗವನ್ನು ಮುಚ್ಚಿ ಒಳಚರಂಡಿ ಹಾಯಿಸುವ ಯೋಜನೆ ಬಂದಿತ್ತು. ಜನ ಬೀದಿಗಿಳಿದು ತಡೆದರು. ಅವರು ಸುಮ್ಮನಿದ್ದಿದ್ದರೆ ನಾನು ಇಂದು ರಸ್ತೆಯ ಮೇಲೆ ನಡೆಯುತ್ತಿದ್ದೆ.

ಮೌಂಟ್ ಸ್ಟ್ರೀಟ್ ಸೇತುವೆಯ ಬಳಿ ಒಂದು ಸ್ಮಾರಕ ಶಿಲೆ. 1916ರ ಏಪ್ರಿಲ್ 26ರಂದು, ಬ್ರಿಟಿಷ್ ಆಳ್ವಿಕೆಯ ವಿರುದ್ಧ ಎದ್ದ ಈಸ್ಟರ್ ದಂಗೆಯ ವಾರದಲ್ಲಿ, ಬೆರಳೆಣಿಕೆಯ ಐರಿಷ್ ಸ್ವಯಂಸೇವಕರು ಸುತ್ತಲಿನ ಮನೆಗಳಲ್ಲಿ ಅಡಗಿ ಕುಳಿತು ಬ್ರಿಟಿಷ್ ಪಡೆಯನ್ನು ಗಂಟೆಗಟ್ಟಲೆ ಈ ಸೇತುವೆ ದಾಟದಂತೆ ತಡೆದರು. ಸತ್ತ, ಗಾಯಗೊಂಡ ಸೈನಿಕರು ನೂರೈವತ್ತಕ್ಕೂ ಹೆಚ್ಚು. ಊರಿನೊಳಗೆ ಬರುವವರಿಗೆ ಕಾಲುವೆಯೇ ಕಂದಕವಾಗಿತ್ತು. ಇದೇ ದಂಡೆಯಲ್ಲಿ 2024ರಲ್ಲಿ ಆಶ್ರಯ ಕೋರಿ ಬಂದ ವಿದೇಶೀಯರು ಡೇರೆ ಹಾಕಿಕೊಂಡು ಮಲಗಿದ್ದರು. ಅವರನ್ನು ತೆರವು ಮಾಡಿ, ಮತ್ತೆ ಯಾರೂ ಬರದಂತೆ ಏರಿಯ ಉದ್ದಕ್ಕೂ ಲೋಹದ ಬೇಲಿ ಹಾಕಿದರು. ಮಗಳು ಆ ದಿನಗಳನ್ನು ನೋಡಿದ್ದಳು. ಅದರ ಬಗ್ಗೆ ಹೇಳುವಾಗ ಅವಳ ಧ್ವನಿ ಇಳಿಯಿತು. ನಾವು ಆಮೇಲೆ ಡಾಕ್ ಬರುವವರೆಗೂ ಹೆಚ್ಚು ಮಾತನಾಡಲಿಲ್ಲ.

ಮೂರನೆಯ ದಿನ

ಬೆಳಿಗ್ಗೆಯಿಂದ ಮಳೆ. ಮಧ್ಯಾಹ್ನ ಬಿಡುವು ಸಿಕ್ಕಾಗ ಲಿಫಿ ನದಿಯ ದಂಡೆಗೆ ಹೋದೆ. ಇಲ್ಲಿಯವರು ನದಿ ಮತ್ತು ರಸ್ತೆಯ ನಡುವಿನ ಪಟ್ಟಿಗೆ ಕ್ಯಾಂಪ್‌ಷೈರ್ ಎನ್ನುತ್ತಾರೆ. ಹಿಂದೆ ಸರಕಿನ ಶೆಡ್‌ಗಳಿದ್ದ ಜಾಗ, ಈಗ ಸೈಕಲ್ ದಾರಿ.

ಅಲ್ಲಿ ಕೆಂಪು ಬಣ್ಣ ಬಳಿದ ಕಬ್ಬಿಣದ ಒಂದು ದೊಡ್ಡ ಪೆಟ್ಟಿಗೆ ಕಂಬಗಳ ಮೇಲೆ ನಿಂತಿದೆ, ಅದರ ನೆತ್ತಿಯಿಂದ ಒಂದು ಕೊಳವೆ ಮೇಲೆದ್ದಿದೆ. ಡೈವಿಂಗ್ ಬೆಲ್, ಅಂದರೆ ಮುಳುಗು ಗಂಟೆ. ಬಂದರಿನ ಎಂಜಿನಿಯರ್ ಬಿಂಡನ್ ಬ್ಲಡ್ ಸ್ಟೋನಿ 1860ರ ದಶಕದಲ್ಲಿ ರೂಪಿಸಿದ್ದು. ತಳವಿಲ್ಲದ ಈ ಪೆಟ್ಟಿಗೆಯನ್ನು ನದಿಯ ತಳಕ್ಕೆ ಇಳಿಸಿ, ಒಳಗೆ ಗಾಳಿ ಒತ್ತಿ ನೀರನ್ನು ಹೊರದಬ್ಬುತ್ತಿದ್ದರು. ಕೂಲಿಗಳು ಆ ಕೊಳವೆಯೊಳಗಿಂದ ಇಳಿದು ನದಿಯ ತಳದಲ್ಲಿ ನಿಂತು ಕೆಸರು ಅಗೆದು ಮಟ್ಟ ಮಾಡುತ್ತಿದ್ದರು. ಆಮೇಲೆ ನೂರಾರು ಟನ್ ತೂಕದ ಕಾಂಕ್ರೀಟ್ ದಿಮ್ಮಿಗಳನ್ನು ಅಲ್ಲಿ ಕೂರಿಸಿ ಗೋಡೆ ಎಬ್ಬಿಸುತ್ತಿದ್ದರು. 1958ರವರೆಗೂ ಇದು ಕೆಲಸ ಮಾಡಿದೆ. ಈಗ ಅದರ ಅಡಿಯಲ್ಲೇ ಚಿಕ್ಕ ಸಂಗ್ರಹಾಲಯ. ಒಳಗೆ ನಿಂತು ಮೇಲೆ ನೋಡಿದೆ. ಕಬ್ಬಿಣದ ತಗಡು, ರಿವೆಟ್ಟುಗಳು. ಒತ್ತಡದ ಗಾಳಿಯಲ್ಲಿ ಕಿವಿ ಮೂಗಿನಿಂದ ರಕ್ತ ಬರುವ ಕೆಲಸ ಅದು. ಹತ್ತಿರದ ಒಂದು ಹೊಸ ರಸ್ತೆಗೆ ಎಂಜಿನಿಯರರ ಹೆಸರಿಟ್ಟಿದ್ದಾರೆ. ಪೆಟ್ಟಿಗೆಯೊಳಗೆ ಇಳಿದವರ ಹೆಸರಿನ ರಸ್ತೆ ನನಗೆ ಕಾಣಲಿಲ್ಲ.

ಮತ್ತೆ ಮಳೆ ಬಂತು. ಹಾರ್ಪ್ ವಾದ್ಯವನ್ನು ಮಲಗಿಸಿದಂತಿರುವ ಸ್ಯಾಮ್ಯುಯೆಲ್ ಬೆಕೆಟ್ ಸೇತುವೆಯನ್ನು ದೂರದಿಂದಲೇ ನೋಡಿ ಮನೆಗೆ ಬಂದೆ.

ನಾಲ್ಕನೆಯ ದಿನ

ಡಾಕ್‌ಗೆ ಎರಡು ಕೊಳಗಳಿವೆ, ಇಂಗ್ಲಿಷಿನ ಎಲ್ ಅಕ್ಷರದಂತೆ ಸೇರಿಕೊಂಡಿವೆ. ಕಾಲುವೆ ಬಂದು ಬೀಳುವುದು ಒಳಕೊಳಕ್ಕೆ. ನಡುವೆ ಮ್ಯಾಕ್‌ಮಾಹನ್ ಸೇತುವೆ. ಅದರಾಚೆ ಹೊರಕೊಳ. ಅದರ ಪೂರ್ವ ತುದಿಯಲ್ಲಿ ಸಮುದ್ರದ ಬಾಗಿಲುಗಳು. ಇಷ್ಟು ದಿನ ಅಲ್ಲಿಗೆ ಹೋಗದೆ ಉಳಿಸಿಕೊಂಡಿದ್ದೆ. ಇವತ್ತು ಒಬ್ಬನೇ ಹೋದೆ.

ಲಿಫಿ ಮತ್ತು ಡಾಡರ್ ನದಿಗಳು ಕೂಡುವ ಮೂಲೆ ಅದು. ಅಲ್ಲಿ ಅಕ್ಕಪಕ್ಕದಲ್ಲಿ ಮೂರು ಲಾಕ್‌ಗಳು, ಮೂರೂ ಬೇರೆ ಬೇರೆ ಅಳತೆಯವು. ಕ್ಯಾಮ್ಡೆನ್, ಬಕಿಂಗ್‌ಹ್ಯಾಮ್, ವೆಸ್ಟ್‌ಮೋರ್‌ಲ್ಯಾಂಡ್. ಮೂವರೂ ಐರ್ಲೆಂಡನ್ನು ಆಳಲು ಇಂಗ್ಲಿಷ್ ದೊರೆ ಕಳಿಸಿದ ಪ್ರತಿನಿಧಿಗಳು. ಬೂದು ಬಣ್ಣದ ಕಲ್ಲುಗಳನ್ನು ನಯವಾಗಿ ಕಡೆದು, ಸಂದು ಕಾಣದಂತೆ ಕೂರಿಸಿದ್ದಾರೆ. ಬಾಗಿಲಿನ ಕಂಬ ತಿರುಗುವ ಕಡೆ ಕಲ್ಲನ್ನು ಒಳಕ್ಕೆ ಅರ್ಧವೃತ್ತವಾಗಿ ಕೊರೆದಿದ್ದಾರೆ. ಆ ಕೊರೆತದ ಒಳಮೈಗೆ ಅಂಗೈ ಇಟ್ಟು ಎಳೆದೆ. ಇನ್ನೂರು ವರ್ಷ ದಾಟಿದ ಕಲ್ಲಿನಲ್ಲಿ ಎಲ್ಲೂ ತಗ್ಗಿಲ್ಲ, ಉಬ್ಬಿಲ್ಲ. ಕಲ್ಲುಕುಟಿಗರಿಗೆ ಮನಸ್ಸಿನಲ್ಲೇ ಕೈಮುಗಿದೆ.

ಎಂಜಿನಿಯರ್ ವಿಲಿಯಂ ಜೆಸಪ್. ಇಲ್ಲಿಯ ಕೆಲಸದ ಬಳಿಕ ಲಂಡನ್ನಿನ ವೆಸ್ಟ್ ಇಂಡಿಯಾ ಡಾಕ್‌ಗಳನ್ನು ಕಟ್ಟಿಸಿದವರೂ ಇವರೇ. ಡಾಕ್ ತೆರೆದದ್ದು 1796ರ ಏಪ್ರಿಲ್ 23ರಂದು. ಲಾರ್ಡ್ ಕ್ಯಾಮ್ಡೆನ್ ಬಂದರು, ಡಾರ್ಸೆಟ್ ಎಂಬ ಹಡಗು ಮೆರವಣಿಗೆಯ ಮುಂದೆ ಒಳಗೆ ಬಂತು, ಕಾಲುವೆ ಕಂಪನಿಯ ಜಾನ್ ಮೆಕಾರ್ಟ್ನಿ ಅವರಿಗೆ ಅಲ್ಲೇ ನೈಟ್ ಪದವಿ ಕೊಟ್ಟರು. ಜಗತ್ತಿನಲ್ಲೇ ದೊಡ್ಡ ಡಾಕ್ ಎಂದು ಹೆಮ್ಮೆಪಟ್ಟರು. ಹಡಗುಗಳು ನೂರಾರು ಸಂಖ್ಯೆಯಲ್ಲಿ ಬಂದು ನಿಲ್ಲುವ ಲೆಕ್ಕದಲ್ಲಿ ಕಟ್ಟಿದ ನೀರು ಇದು.

ಹಡಗುಗಳು ಬರಲಿಲ್ಲ. ವ್ಯಾಪಾರಿಗಳಿಗೆ ಲಿಫಿ ನದಿಯ ಕಟ್ಟೆಗಳೇ ಹತ್ತಿರ, ಸುಂಕದ ಕಟ್ಟೆಯೂ ಅಲ್ಲೇ. ಡಾಕ್‌ಗೆ ಬರಬೇಕಾದರೆ ಉಬ್ಬರಕ್ಕೆ ಕಾಯಬೇಕು, ಬಾಗಿಲು ತೆರೆಯಬೇಕು. ಕಂಪನಿ ಸಾಲದಲ್ಲಿ ಮುಳುಗಿತ್ತು. 1834ರಲ್ಲಿ ಐರ್ಲೆಂಡಿನ ಮೊದಲ ರೈಲು ಡಬ್ಲಿನ್ನಿನಿಂದ ಕಿಂಗ್ಸ್‌ಟೌನಿಗೆ ಹೊರಟಿತು. ಅದು ಹಾದುಹೋದದ್ದು ಇದೇ ಡಾಕ್‌ನ ಮಗ್ಗುಲಲ್ಲಿ. ಈಗಲೂ ಅದೇ ಮಾರ್ಗದಲ್ಲಿ ಡಾರ್ಟ್ ರೈಲು ಓಡುತ್ತದೆ. ಮುಂದೆ ಹಡಗುಗಳು ದೊಡ್ಡದಾದವು, ಜೆಸಪ್ ಅವರ ಬಾಗಿಲುಗಳು ಅವುಗಳಿಗೆ ಚಿಕ್ಕದಾದವು. ಡಾಕ್ ಬದುಕಿದ್ದು ಕಲ್ಲಿದ್ದಲಿನಿಂದ, ದಂಡೆಯ ಗಾಜಿನ ಕಾರ್ಖಾನೆ, ಎರಕದ ಮನೆ, ಹಿಟ್ಟಿನ ಗಿರಣಿಗಳಿಂದ. ಒಳನಾಡಿಗೆ ಹೋಗುವ ಸರಕು ದೋಣಿಗಳು ಮೊದಲು ಕುದುರೆ ಎಳೆದು, 1910ರ ದಶಕದಿಂದ ಬೊಲಿಂಡರ್ ಎಂಬ ಎಣ್ಣೆ ಎಂಜಿನ್ ಹಾಕಿಕೊಂಡು ಓಡಾಡಿದವು. 1960ರ ಮೇ ತಿಂಗಳಲ್ಲಿ 51ಎಂ ಎಂಬ ದೋಣಿ ಗಿನ್ನೆಸ್ ಪೀಪಾಯಿಗಳನ್ನು ಹೊತ್ತು ಲಿಮೆರಿಕ್‌ಗೆ ಹೊರಟಿತು. ಅದೇ ಕೊನೆಯ ಸರಕು.

ಲಾಕ್‌ನ ಪಕ್ಕದಲ್ಲಿ ನಾಯಿಯೊಂದಿಗೆ ಕುಳಿತಿದ್ದ ಹಿರಿಯರೊಬ್ಬರು ನನ್ನನ್ನು ಬಹಳ ಹೊತ್ತಿನಿಂದ ನೋಡುತ್ತಿದ್ದರು. ಕಲ್ಲನ್ನು ಸವರುವ ಮನುಷ್ಯ ಯಾರಪ್ಪ ಎಂದಿರಬೇಕು. ರಿಂಗ್ಸೆಂಡ್‌ನಲ್ಲೇ ಹುಟ್ಟಿ ಬೆಳೆದವರು. ಮೀನುಗಾರರ ಊರಾದ್ದರಿಂದ ಇದಕ್ಕೆ ರೇಟೌನ್ ಎಂಬ ಅಡ್ಡಹೆಸರಿದೆ. ರೇ ಎಂದರೆ ನಮ್ಮ ಕರಾವಳಿಯವರು ತೊರಕೆ ಎನ್ನುವ ಚಪ್ಪಟೆ ಮೀನು. ಅವರ ತಂದೆ ಹಡಗಿನಿಂದ ಕಲ್ಲಿದ್ದಲು ಇಳಿಸುವ ಕೂಲಿ. ದಿನಾ ಬೆಳಿಗ್ಗೆ ಕೂಲಿಗಳು ದಂಡೆಯಲ್ಲಿ ನೆರೆಯಬೇಕು, ಮೇಸ್ತ್ರಿ ಹೆಸರು ಕೂಗಬೇಕು. ಅದಕ್ಕೆ ರೀಡ್ ಎಂದು ಹೆಸರು. ಸಂಘದ ಬಟನ್ ಎದೆಗೆ ಚುಚ್ಚಿಕೊಂಡವರಿಗೆ ಮೊದಲ ಸರದಿ. ಹೆಸರು ಕರೆಯದಿದ್ದರೆ ಆ ದಿನ ಕೂಲಿ ಇಲ್ಲ. "ನನ್ನ ತಂದೆ ಮನೆಗೆ ಯಾವ ಬಾಗಿಲಿನಿಂದ ಬರುತ್ತಾರೆ ಎಂಬುದರಲ್ಲೇ ತಾಯಿಗೆ ಗೊತ್ತಾಗುತ್ತಿತ್ತು" ಎಂದರು. ಕೆಲಸ ಸಿಕ್ಕಿದ ದಿನ ಮೈಯೆಲ್ಲ ಮಸಿ, ಹಿತ್ತಿಲಿನಿಂದ ಬರಬೇಕು. ಮುಂಬಾಗಿಲಿನಿಂದ ಬಂದರೆ ಬರಿಗೈ.

ಕಂಟೇನರ್‌ಗಳು ಬಂದ ಮೇಲೆ ಆ ಕೆಲಸವೂ ಹೋಯಿತು. ಗಾಜಿನ ಕಟ್ಟಡಗಳ ಬಗ್ಗೆ ಅವರನ್ನು ಕೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ, ಬೈಯಲಿಲ್ಲ. ಮೊದಲಿದ್ದ ನಾತ ನಿಮಗೆ ಗೊತ್ತಿಲ್ಲ ಎಂದರು. ಆದರೆ ಮೊಮ್ಮಗಳು ಮದುವೆಯಾಗಿ ಮೂವತ್ತು ಮೈಲಿ ಆಚೆಯ ಊರಿಗೆ ಹೋಗಬೇಕಾಯಿತು, ಇಲ್ಲಿ ಬಾಡಿಗೆ ಕೊಡುವ ಶಕ್ತಿ ಅವಳಿಗಿಲ್ಲ ಎಂದರು. ಆಮೇಲೆ ಬಾಗಿಲುಗಳ ಕಡೆ ಕೈ ತೋರಿಸಿ, ಇವನ್ನು ತೆರೆಯುವುದನ್ನು ನೋಡಲು ಹುಡುಗರೆಲ್ಲ ಓಡಿ ಬರುತ್ತಿದ್ದೆವು ಎಂದು ನೆನೆದರು. ಈಗ ದೋಣಿಯವರು ಮೊದಲೇ ತಿಳಿಸಿ, ಉಬ್ಬರದ ಹೊತ್ತು ನೋಡಿ ಬಂದರೆ ಮಾತ್ರ ತೆರೆಯುವುದು. ಅಂದು ನಾನಿದ್ದ ಮೂರು ಗಂಟೆಯಲ್ಲಿ ಒಂದು ದೋಣಿಯೂ ಬರಲಿಲ್ಲ.

ಐದನೆಯ ದಿನ

ಆ ನಾತದ ಕಥೆ ತಿಳಿಯಲೇಬೇಕಿತ್ತು.

ಡಾಕ್ ಮತ್ತು ಲಿಫಿ ನಡುವಿನ ನೆಲದಲ್ಲಿ ಒಂದು ಶತಮಾನಕ್ಕೂ ಮೀರಿ ಅನಿಲ ಕಾರ್ಖಾನೆ ಇತ್ತು. ಇಡೀ ಡಬ್ಲಿನ್ನಿನ ಬೀದಿ ದೀಪಕ್ಕೆ, ಅಡುಗೆ ಒಲೆಗೆ ಅನಿಲ ಹೋಗುತ್ತಿದ್ದುದು ಇಲ್ಲಿಂದ. ಕಲ್ಲಿದ್ದಲನ್ನು ಗಾಳಿಯಾಡದ ಒಲೆಗಳಲ್ಲಿ ಕಾಯಿಸಿ ಅನಿಲ ತೆಗೆಯುತ್ತಿದ್ದರು. ಉಳಿಯುವುದು ಟಾರು, ಅಮೋನಿಯ, ಸಯನೈಡ್ ಬೆರೆತ ಕಸ. ಅದೆಲ್ಲ ವರ್ಷಗಟ್ಟಲೆ ಮಣ್ಣಿಗೆ ಇಳಿಯಿತು. 1980ರ ದಶಕದಲ್ಲಿ ಕಿನ್ಸೇಲ್ ಕಡಲಿನ ನೈಸರ್ಗಿಕ ಅನಿಲ ಕೊಳವೆಯಲ್ಲಿ ಬಂದಾಗ ಕಾರ್ಖಾನೆ ನಿಂತಿತು, ಮಣ್ಣು ಹಾಗೇ ಉಳಿಯಿತು. 1987ರಲ್ಲಿ ಡಾಕ್ ದಂಡೆಯ ಹ್ಯಾನೋವರ್ ಕ್ವೇ ಮಾರಲಾಗದಷ್ಟು ವಿಷವಾಗಿದೆ ಎಂದು ತೀರ್ಮಾನಿಸಿದ್ದರು.

1997ರಲ್ಲಿ ಸಂಸತ್ತು ಕಾನೂನು ಮಾಡಿ ಡಬ್ಲಿನ್ ಡಾಕ್‌ಲ್ಯಾಂಡ್ಸ್ ಅಭಿವೃದ್ಧಿ ಪ್ರಾಧಿಕಾರ ಸ್ಥಾಪಿಸಿತು. ಅದು ಮಾಡಿದ ಮೊದಲ ದೊಡ್ಡ ಕೆಲಸ ಮಣ್ಣು ತೊಳೆದದ್ದು. 2002ರಿಂದ 2006ರವರೆಗೆ, ಸುಮಾರು 5 ಕೋಟಿ ಯೂರೊ ಖರ್ಚಿನಲ್ಲಿ, ಜಾಗದ ಸುತ್ತ ಎಂಟು ಮೀಟರಿನಷ್ಟು ಆಳಕ್ಕೆ ಗೋಡೆ ಇಳಿಸಿ, ವಿಷದ ಮಣ್ಣನ್ನು ಅಗೆದು ಸಾಗಿಸಿದರು. ಅಗೆಯುವಾಗ ವಿಷ ಡಾಕ್‌ನ ನೀರಿಗೆ ಬಸಿಯದಂತೆ ಆ ಗೋಡೆ. ಮೊದಲ ದಿನ ನಾನು ನಿಂತ ಕೆಂಪು ಜಮಖಾನದ ಅಡಿಯಲ್ಲಿ ಇಂಥ ಕೆಲಸ ಅಡಗಿದೆ. ಕಟ್ಟಡಗಳ ಚಿತ್ರ ಎಲ್ಲರೂ ತೆಗೆಯುತ್ತಾರೆ. ನನ್ನ ಮಟ್ಟಿಗೆ ಇಡೀ ಪುನರಭಿವೃದ್ಧಿಯಲ್ಲಿ ಅತ್ಯಂತ ಗೌರವಕ್ಕೆ ಅರ್ಹವಾದದ್ದು ಕಣ್ಣಿಗೆ ಕಾಣದ ಆ ಗೋಡೆ.

ಬ್ಯಾರೋ ಸ್ಟ್ರೀಟ್‌ನಲ್ಲಿ 1885ರ ಅನಿಲ ಸಂಗ್ರಹ ತೊಟ್ಟಿಯ ಕಬ್ಬಿಣದ ಚೌಕಟ್ಟನ್ನು ಉಳಿಸಿಕೊಂಡು, ಅದರೊಳಗೆ ದುಂಡನೆಯ ವಸತಿ ಕಟ್ಟಡ ಎಬ್ಬಿಸಿದ್ದಾರೆ. ಎದುರಿಗೆ ಗೂಗಲ್. 2003ರಲ್ಲಿ ಕೆಲವೇ ಜನರೊಂದಿಗೆ ಡಬ್ಲಿನ್ನಿಗೆ ಬಂದ ಕಂಪನಿ ಈಗ ಈ ರಸ್ತೆಯ ಎರಡೂ ಬದಿ ಹರಡಿದೆ. ಕಟ್ಟಡಗಳ ನಡುವೆ ರಸ್ತೆಯ ಮೇಲೆ ಗಾಜಿನ ಸೇತುವೆ.

ಗ್ರ್ಯಾಂಡ್ ಕೆನಾಲ್ ಸ್ಟ್ರೀಟ್‌ನ ಟ್ರೆಷರಿ ಕಟ್ಟಡದ ಮುಂದೆ ಬಹಳ ಹೊತ್ತು ನಿಂತೆ. ಗೋಡೆಯ ಮೇಲೆ ಒಬ್ಬ ಹೆಣ್ಣು ಬರಿಗೈಯಲ್ಲಿ ಏರುತ್ತಿರುವ ಶಿಲ್ಪ. ಇಲ್ಲಿದ್ದದ್ದು ಬೋಲಂಡ್ಸ್ ಬೇಕರಿ. 1916ರ ದಂಗೆಯಲ್ಲಿ, ಮುಂದೆ ಐರ್ಲೆಂಡಿನ ಅಧ್ಯಕ್ಷರಾದ ಏಮನ್ ಡಿ ವಲೇರಾ ಅವರ ತುಕಡಿ ಬೀಡುಬಿಟ್ಟದ್ದು ಇಲ್ಲಿ. ಶತ್ರುವಿನ ಗುಂಡನ್ನು ಬೇರೆಡೆಗೆ ತಿರುಗಿಸಲು ಹತ್ತಿರದ ಖಾಲಿ ಮದ್ಯದ ಕಾರ್ಖಾನೆಯ ಮೇಲೆ ಹಸಿರು ಬಾವುಟ ಹಾರಿಸಿದರು. ಹೆಲ್ಗಾ ಎಂಬ ತೋಪಿನ ದೋಣಿ ಆ ಕಟ್ಟಡಕ್ಕೆ ಗುಂಡು ಸುರಿಯಿತು. ಆಮೇಲೆ ಬೇಕರಿ ಕಚೇರಿಯಾಯಿತು. 2008ರಲ್ಲಿ ಐರ್ಲೆಂಡಿನ ಬ್ಯಾಂಕುಗಳು ಕುಸಿದಾಗ, ಭೂಮಿಯ ಮೇಲೆ ಕೊಟ್ಟು ಮುಳುಗಿದ ಸಾಲಗಳನ್ನು ವಹಿಸಿಕೊಳ್ಳಲು 2009ರಲ್ಲಿ ಸರ್ಕಾರ ಸ್ಥಾಪಿಸಿದ ನಾಮಾ ಸಂಸ್ಥೆ ಕುಳಿತದ್ದೂ ಇದೇ ಕಟ್ಟಡದಲ್ಲಿ. ಈಗ ಇದೂ ಗೂಗಲ್‌ನದು. ರೊಟ್ಟಿ, ಬಂದೂಕು, ಮುಳುಗಿದ ಸಾಲದ ಕಡತ, ಕಂಪ್ಯೂಟರ್. ನೂರು ವರ್ಷದ ಐರ್ಲೆಂಡ್ ಒಂದೇ ವಿಳಾಸದಲ್ಲಿದೆ.

ಡಾಕ್ ದಂಡೆಯ ಬೋಲಂಡ್ಸ್ ಗಿರಣಿ 2001ರವರೆಗೆ ಹಿಟ್ಟು ಬೀಸಿತು. ಎತ್ತರದ ಕಾಂಕ್ರೀಟ್ ಕಣಜಗಳನ್ನು ಕೆಡವಿ ಗೋಪುರಗಳನ್ನು ಎಬ್ಬಿಸಿದ್ದಾರೆ, ಹತ್ತೊಂಬತ್ತನೆಯ ಶತಮಾನದ ಕಲ್ಲಿನ ಉಗ್ರಾಣಗಳನ್ನು ಉಳಿಸಿದ್ದಾರೆ. ಉಳಿಸಿದ್ದು ಒಳ್ಳೆಯದಾಯಿತು.

ರಾತ್ರಿ ಊಟಕ್ಕೆ ಕುಳಿತಾಗ ಮಗಳೊಡನೆ ವಾದವಾಯಿತು. ಪ್ರಾಧಿಕಾರದ ಯೋಜನೆಯಲ್ಲಿ ಹೊಸ ಮನೆಗಳ ಶೇಕಡಾ 20ರಷ್ಟು ಕಡಿಮೆ ಆದಾಯದವರಿಗೆ ಎಂಬ ನಿಯಮವಿತ್ತು, ಬೇರೆ ಎಲ್ಲಿ ಇಷ್ಟು ಮಾಡುತ್ತಾರೆ ಎಂಬುದು ಅವಳ ಮಾತು. ನಿಜವೇ. ಆದರೆ ಅವಳ ಸಂಬಳದ ಅರ್ಧದಷ್ಟು ಈ ಮನೆಯ ಬಾಡಿಗೆಗೇ ಹೋಗುತ್ತದೆ. ಇವಳಿಗೇ ಹೀಗಾದರೆ, ತಂದೆ ತಾತಂದಿರು ಇದೇ ಕಟ್ಟೆಯಲ್ಲಿ ಕಲ್ಲಿದ್ದಲು ಹೊತ್ತವರ ಮೊಮ್ಮಗಳು ಎಲ್ಲಿಗೆ ಹೋಗಬೇಕು? ಇನ್ನೊಂದು ಮಾತನ್ನೂ ಹೇಳಿದೆ. ಇಲ್ಲಿ ಎಲ್ಲ ಕಟ್ಟಡಗಳೂ ನೀರಿಗೆ ಮುಖ ಮಾಡಿವೆ, ನೀರಿನ ನೋಟಕ್ಕೆ ಬೆಲೆ ಕಟ್ಟಿವೆ. ಆ ನೀರನ್ನು ಹಿಡಿದಿಟ್ಟಿರುವ ಬಾಗಿಲುಗಳತ್ತ ತಿರುಗಿ ನೋಡುವವರು ಕಡಿಮೆ. ಬಾಗಿಲು ತೆರೆಯದ ಡಾಕ್ ನನ್ನ ಕಣ್ಣಿಗೆ ಬರೀ ಕೊಳ. ವರ್ಷಕ್ಕೆ ಕೆಲವು ದಿನವಾದರೂ ಮೂರೂ ಬಾಗಿಲು ತೆರೆಯಲಿ, ಊರಿನ ಮಕ್ಕಳು ಓಡಿ ಬರಲಿ. ಮಗಳು ತಟ್ಟೆ ಎತ್ತುತ್ತಾ, "ನಾಳೆ ಕೆಲಸ ಮುಗಿಸಿ ಬೇಗ ಬರುತ್ತೇನೆ, ನನಗೂ ತೋರಿಸು" ಎಂದಳು.

ಆರನೆಯ ದಿನ

ಬೆಳಿಗ್ಗೆ ರಿಂಗ್ಸೆಂಡ್ ದಾಟಿ ಹಳೆಯ ಗಾಜಿನ ಬಾಟಲಿ ಕಾರ್ಖಾನೆಯ ಜಾಗದವರೆಗೆ ನಡೆದೆ. ಸುಮಾರು 25 ಎಕರೆ. 2006ರಲ್ಲಿ, ಬೆಲೆಗಳು ಆಕಾಶದಲ್ಲಿದ್ದಾಗ, ಪ್ರಾಧಿಕಾರವೂ ಪಾಲುದಾರನಾಗಿ 41.2 ಕೋಟಿ ಯೂರೊಗೆ ಕೊಂಡದ್ದು. ಎರಡೇ ವರ್ಷದಲ್ಲಿ ಎಲ್ಲ ಕುಸಿಯಿತು. ಮಣ್ಣು ತೊಳೆದ ಅದೇ ಸಂಸ್ಥೆ ಆ ಹೊಡೆತದಿಂದ ಚೇತರಿಸಿಕೊಳ್ಳಲಿಲ್ಲ. 2016ರಲ್ಲಿ ಅದನ್ನು ಮುಚ್ಚಿದರು. ಈಗ ಅಲ್ಲಿ ಮನೆಗಳು ಏಳುತ್ತಿವೆ, ಕಾಲು ಭಾಗ ಸಾಮಾನ್ಯ ಆದಾಯದವರಿಗೆ ಎಂಬ ಒಪ್ಪಂದದೊಂದಿಗೆ. ಅದರ ಹಿಂದೆ ಪೂಲ್‌ಬೆಗ್ ವಿದ್ಯುತ್ ಸ್ಥಾವರದ ಕೆಂಪು ಬಿಳಿ ಪಟ್ಟೆಯ ಎರಡು ಚಿಮಣಿಗಳು, ಇನ್ನೂರು ಮೀಟರಿಗೂ ಎತ್ತರ. ಹೊಗೆ ನಿಂತು ವರ್ಷಗಳಾಗಿವೆ. ಊರಿನವರು ಪ್ರೀತಿಯಿಂದ ಉಳಿಸಿಕೊಂಡಿದ್ದಾರೆ.

ಸಂಜೆ ಏಳಕ್ಕೆ ಮಗಳು ಬಂದಳು. ಇಬ್ಬರೂ ಕ್ಯಾಮ್ಡೆನ್ ಲಾಕ್‌ಗೆ ಹೋದೆವು. ಇಳಿತದ ಹೊತ್ತು. ನದಿಯ ಕಡೆ ನೀರು ಬಹಳ ಕೆಳಗೆ ಹೋಗಿ, ಕಲ್ಲಿನ ಗೋಡೆಯ ಹಸಿರು ಪಾಚಿ, ಕಪ್ಪು ಕೆಸರು ಎಲ್ಲ ಬಯಲಾಗಿತ್ತು. ಹಿಂದೆ ತಿರುಗಿದರೆ ಡಾಕ್‌ನ ನೀರು ಎಂದಿನಂತೆ ತುಂಬಿ ನಿಂತಿತ್ತು. ಅದರಲ್ಲಿ ಗಾಜಿನ ಕಟ್ಟಡಗಳು ತಲೆಕೆಳಗಾಗಿ ಕಾಣುತ್ತಿದ್ದವು. ನಡುವೆ ಬಾಗಿಲು.

ಮಗಳನ್ನು ಅಂಚಿಗೆ ಕರೆದು ಕೆಳಗೆ ತೋರಿಸಿದೆ. ಎರಡು ಬಾಗಿಲುಗಳು ಕೂಡುವ ಸಂದಿಯಿಂದ, ಬೆರಳು ಗಾತ್ರದ ಒಂದು ನೀರಿನ ಎಳೆ ಹೊರಕ್ಕೆ ಚಿಮ್ಮಿ ಕೆಸರಿನ ಮೇಲೆ ಬೀಳುತ್ತಿತ್ತು. ಬಿದ್ದಲ್ಲಿ ಒಂದು ಸಣ್ಣ ಗುಳಿ ಮಾಡಿಕೊಂಡು, ಅಲ್ಲಿಂದ ಕೊರೆಯುತ್ತಾ ಕೊರೆಯುತ್ತಾ ಲಿಫಿಗೆ ಸೇರುತ್ತಿತ್ತು. "ಕಿಲ್ಡೇರಿನ ನೀರು" ಎಂದೆ. ಅವಳು ಮಂಡಿಯೂರಿ ಕುಳಿತು, ಬಗ್ಗಿ, ಅದರ ಸದ್ದು ಕೇಳಿಸಿಕೊಳ್ಳತೊಡಗಿದಳು.